ಸಲಹೆ ಯಾರದು, ಹೊಣೆ ಯಾರದು?

ಕೆಲವು ವರ್ಷಗಳ ಹಿಂದಿನ ಮಾತು. ಆರ್.ಟಿ. ನಗರದಿಂದ ಯಲಹಂಕದವರೆಗಿನ ಭಾಗದಲ್ಲಿ ನಾಲ್ಕು ಸಣ್ಣ ಶಾಲೆಗಳನ್ನು ನಡೆಸುತ್ತಿದ್ದ ಒಂದು ಟ್ರಸ್ಟಿನ ಸಮಿತಿಯಲ್ಲಿ ನಾನೂ ಸದಸ್ಯನಾಗಿದ್ದೆ. ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು, ಖರ್ಚು ಏರುತ್ತಿತ್ತು. ಸಮಿತಿಯಲ್ಲಿದ್ದವರು ಹೆಚ್ಚಾಗಿ ವ್ಯಾಪಾರಿಗಳು. ಉಳಿದವರು ನನ್ನಂಥ ನಿವೃತ್ತ ನೌಕರರು. ಎಲ್ಲರಿಗೂ ಒಳ್ಳೆಯ ಮನಸ್ಸಿತ್ತು, ಆದರೆ ಶಾಲೆ ನಡೆಸುವ ವಿದ್ಯೆ ಗೊತ್ತಿರಲಿಲ್ಲ. "ತಿಳಿದವರನ್ನು ಕರೆಸೋಣ" ಎಂದು ಹಿರಿಯರೊಬ್ಬರು ಹೇಳಿದಾಗ ಎಲ್ಲರೂ ಒಪ್ಪಿದೆವು. ಒಂದು ಸಲಹಾ ಸಂಸ್ಥೆಯನ್ನು ಗೊತ್ತುಮಾಡಿದೆವು. ಮೂರು ತಿಂಗಳ ಕೆಲಸಕ್ಕೆ ಅವರಿಗೆ ಕೊಟ್ಟ ಹಣ ನಮ್ಮ ಒಬ್ಬ ಶಿಕ್ಷಕಿಯ ಎರಡು ವರ್ಷದ ಸಂಬಳಕ್ಕಿಂತ ಹೆಚ್ಚು. ಆಗ ಅದು ನಮ್ಮಲ್ಲಿ ಯಾರಿಗೂ ಅತಿಯೆನಿಸಲಿಲ್ಲ.

ಬಂದವರು ಚುರುಕಾದ ಹುಡುಗರು. ಹಾಜರಿ ಪುಸ್ತಕ, ಲೆಕ್ಕದ ಪುಸ್ತಕ, ಪರೀಕ್ಷೆಯ ಅಂಕಗಳು, ಎಲ್ಲವನ್ನೂ ನೋಡಿ ವರದಿ ಸಿದ್ಧಪಡಿಸಿದರು. ಅದರಲ್ಲಿದ್ದ ಮುಖ್ಯ ಸಲಹೆ ಇದು: ಬಳ್ಳಾರಿ ರಸ್ತೆಯ ಆಚೀಚೆ ಇರುವ ನಮ್ಮ ಎರಡು ಪ್ರಾಥಮಿಕ ಶಾಲೆಗಳನ್ನು ಒಂದು ಮಾಡಿ. ಎರಡರ ನಡುವಿನ ಅಂತರ 700 ಮೀಟರ್. ಹೀಗೆ ಮಾಡಿದರೆ ತರಗತಿಗೊಬ್ಬ ಶಿಕ್ಷಕಿ ಸಿಗುತ್ತಾರೆ, ಒಂದು ಕಟ್ಟಡದ ಬಾಡಿಗೆ ಉಳಿಯುತ್ತದೆ. ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ.

ಪೋಷಕರ ಸಭೆಯಲ್ಲಿ ಈ ವಿಷಯ ತಿಳಿಸಿದಾಗ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ನಿಂತರು. "ಭಾಯಿ, ಬೆಳಗ್ಗೆ ಎಂಟೂವರೆಗೆ ನೀವು ಆ ರೋಡ್ ದಾಟಿ ನೋಡಿದ್ದೀರಾ?" ಎಂದು ಆ ತಂಡದ ಯುವಕನನ್ನು ಕೇಳಿದರು. ಅವನು ಉತ್ತರ ಕೊಡಲಿಲ್ಲ. ಆದರೆ ಮರುದಿನ ಬೆಳಗ್ಗೆ ಎಂಟೂವರೆಗೆ ಬಂದು ಮಕ್ಕಳ ಜೊತೆ ರಸ್ತೆ ದಾಟಿದ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಆ ರಸ್ತೆಯಲ್ಲಿ ವಾಹನಗಳು ಹೇಗೆ ಓಡುತ್ತವೆಂಬುದನ್ನು ಈ ಕಡೆಯವರಿಗೆ ವಿವರಿಸಬೇಕಿಲ್ಲ. ಆ ಹುಡುಗ ವಾರದೊಳಗೆ ಇನ್ನೊಂದು ಟಿಪ್ಪಣಿ ಬರೆದು ಕಳಿಸಿದ. ಮಕ್ಕಳನ್ನು ಕರೆತರಲು ವ್ಯಾನ್ ಅಥವಾ ಆಯಾ ವ್ಯವಸ್ಥೆ ಆಗುವವರೆಗೆ ಶಾಲೆಗಳನ್ನು ಒಂದು ಮಾಡಬೇಡಿ ಎಂಬುದು ಅದರ ಸಾರ.

ಮಾರ್ಚ್‌ನಲ್ಲಿ ಅವರ ಅವಧಿ ಮುಗಿಯಿತು. ಮೇ ತಿಂಗಳಲ್ಲಿ ಸಮಿತಿ ಸೇರಿದಾಗ ಮೇಜಿನ ಮೇಲಿದ್ದದ್ದು ಅಂದವಾಗಿ ಬೈಂಡ್ ಮಾಡಿಸಿದ ಮೊದಲ ವರದಿ. ಎರಡನೆಯ ಟಿಪ್ಪಣಿ ಯಾರದೋ ಇ-ಮೇಲ್‌ನಲ್ಲಿ ಉಳಿದಿತ್ತು. ಅದರ ನೆನಪು ನನಗಿತ್ತು. ಆದರೂ ನಾನು ಮಾತಾಡಲಿಲ್ಲ. ತಜ್ಞರು ಹೇಳಿದ್ದಾರೆ, ಹಣ ಕೊಟ್ಟಾಗಿದೆ, ಎಲ್ಲರೂ ಕೈ ಎತ್ತಿದ್ದಾರೆ, ನಾನೂ ಎತ್ತಿದೆ. ಜೂನ್‌ನಲ್ಲಿ ರಸ್ತೆ ದಾಟಿ ಬರಬೇಕಾಗಿದ್ದ ಮಕ್ಕಳು 26. ಬಂದವರು 14. ಎಂಟು ಮಕ್ಕಳು ಹತ್ತಿರದ ಬೇರೆ ಶಾಲೆಗಳಿಗೆ ಸೇರಿದರು. ನಾಲ್ವರು ಮನೆಯಲ್ಲೇ ಉಳಿದರು, ಅವರಲ್ಲಿ ಮೂವರು ಹೆಣ್ಣುಮಕ್ಕಳು. ಸಭೆಯಲ್ಲಿ ಪ್ರಶ್ನೆ ಕೇಳಿದ ತಾಯಿಯ ಮಗಳೂ ಆ ಮೂವರಲ್ಲಿ ಒಬ್ಬಳು.

ಯಾಕೆ ಹೀಗಾಯಿತೆಂದು ವಿಚಾರಿಸಿದಾಗ ಟ್ರಸ್ಟಿನ ಪದಾಧಿಕಾರಿಗಳು "ಸಲಹೆ ಕೊಟ್ಟವರು ಅವರು" ಎಂದರು. ಸಲಹಾ ಸಂಸ್ಥೆಯವರು "ನಿರ್ಧಾರ ಮಾಡಿದವರು ನೀವು" ಎಂದರು. ಇಬ್ಬರ ಮಾತೂ ನಿಜ. ಆ ನಾಲ್ಕು ಮಕ್ಕಳ ಬಗ್ಗೆ ಮಾತ್ರ ಯಾರೂ ಉತ್ತರ ಹೇಳಬೇಕಾಗಿ ಬರಲಿಲ್ಲ.

ನಾಲ್ಕು ಶಾಲೆಗಳ ಒಂದು ಟ್ರಸ್ಟಿನಲ್ಲೇ ಹೀಗಾದರೆ, ನೂರಾರು ಶಾಲೆಗಳ ಒಂದು ಶೈಕ್ಷಣಿಕ ಜಿಲ್ಲೆಯಲ್ಲಿ ಏನಾಗಬಹುದು? ಈ ಪ್ರಶ್ನೆ ಅಂದಿನಿಂದ ನನ್ನನ್ನು ಕಾಡುತ್ತಿದೆ.

ಯಲಹಂಕದ ಶಾಲೆಗಳು ಬೆಂಗಳೂರು ಉತ್ತರ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಇಂಥ ಪ್ರತಿಯೊಂದು ಜಿಲ್ಲೆಗೂ ಒಬ್ಬ ಉಪನಿರ್ದೇಶಕರು, ಅವರ ಕೆಳಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳು, ಅವರ ಕೆಳಗೆ ಶಾಲೆಯಿಂದ ಶಾಲೆಗೆ ತಿರುಗುವ ಸಿಆರ್‌ಪಿಗಳು. ಈ ಅಧಿಕಾರಿಗಳ ಮೇಜು ಹೇಗಿರುತ್ತದೆಂದು ಕಂಡವರಿಗೆ ಗೊತ್ತು. ಬಿಸಿಯೂಟದ ಲೆಕ್ಕ, ಸಮವಸ್ತ್ರ ಮತ್ತು ಪಠ್ಯಪುಸ್ತಕಗಳ ಹಂಚಿಕೆ, ವರ್ಗಾವಣೆ, ಕೋರ್ಟ್ ಕೇಸು, ಎಸ್ಸೆಸ್ಸೆಲ್ಸಿ ಪರೀಕ್ಷೆ, ಶಾಸಕರ ಫೋನು. ಮೂರನೇ ತರಗತಿಯ ಮಗು ಓದಲು ಯಾಕೆ ಕಲಿತಿಲ್ಲ ಎಂದು ಕೂತು ಯೋಚಿಸಲು ಅವರಿಗೆ ವಾರದಲ್ಲಿ ಒಂದು ಗಂಟೆ ಸಿಕ್ಕರೆ ಹೆಚ್ಚು. ಹೀಗಿರುವಾಗ ಹೊರಗಿನಿಂದ ಯಾರಾದರೂ ಬಂದು "ನಿಮ್ಮ ಪರವಾಗಿ ನಾವು ಯೋಚಿಸುತ್ತೇವೆ" ಎಂದರೆ ಆಸೆಯಾಗದೆ ಇರುತ್ತದೆಯೇ?

ಹೀಗೆ ಬರುವವರು ಹೊಸಬರೇನಲ್ಲ. ಶೈಕ್ಷಣಿಕ ಸಲಹೆಗೆಂದೇ ಕೇಂದ್ರ ಸರಕಾರ 1981ರಲ್ಲಿ ಎಡ್‌ಸಿಲ್ ಎಂಬ ಸ್ವಂತ ಕಂಪೆನಿಯನ್ನು ಸ್ಥಾಪಿಸಿತು. 1994ರಲ್ಲಿ ಆರಂಭವಾದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ಅಂದರೆ ಡಿಪಿಇಪಿ, ವಿಶ್ವಬ್ಯಾಂಕಿನ ನೆರವಿನಿಂದ ನಮ್ಮ ರಾಜ್ಯದಲ್ಲಿ ಮೊದಲು ಬೆಳಗಾವಿ, ಕೋಲಾರ, ಮಂಡ್ಯ ಮತ್ತು ರಾಯಚೂರು ಜಿಲ್ಲೆಗಳಿಗೆ ಬಂತು. ಅದರೊಂದಿಗೆ ಯೋಜನಾ ತಜ್ಞರೂ ಪರಿಶೀಲನಾ ತಂಡಗಳೂ ಬಂದವು. 2000ದ ನಂತರ ಸ್ವಯಂಸೇವಾ ಸಂಸ್ಥೆಗಳು ಮತ್ತು ಉದ್ಯಮಿಗಳ ಪ್ರತಿಷ್ಠಾನಗಳು ಶಿಕ್ಷಣ ಇಲಾಖೆಯ ಜೊತೆ ಒಪ್ಪಂದ ಮಾಡಿಕೊಂಡವು. ಈಚಿನ ವರ್ಷಗಳಲ್ಲಿ ದೇಶದ ಹಲವು ರಾಜ್ಯಗಳಲ್ಲಿ ದೊಡ್ಡ ದೊಡ್ಡ ಕಂಪೆನಿಗಳಿಗೆ ವ್ಯಾಪಾರದ ಸಲಹೆ ಕೊಡುವ ಸಂಸ್ಥೆಗಳೇ ಶಾಲೆಗಳಿಗೂ ಬಂದಿವೆ. ಅವುಗಳ ನೌಕರರು ಇಲಾಖೆಯ ಕಚೇರಿಯಲ್ಲೇ ಕುಳಿತು ಅಂಕಿ-ಅಂಶ ನೋಡುತ್ತಾರೆ, ಸಭೆಯ ಅಜೆಂಡಾ ಬರೆಯುತ್ತಾರೆ, ಯಾವ ತಾಲೂಕು ಹಿಂದಿದೆ ಎಂದು ಪಟ್ಟಿ ಮಾಡುತ್ತಾರೆ.

"ಹೊರಗಿನವರಿಗೆ ನಮ್ಮ ಶಾಲೆಯ ಗೊಡವೆ ಯಾಕೆ?" ಎನ್ನುವುದು ಸುಲಭದ ಉತ್ತರ. ಅದು ಸರಿಯಾದ ಉತ್ತರವೆಂದು ನನಗೆ ತೋರುವುದಿಲ್ಲ. ಒಳಗಿದ್ದವರ ಕಣ್ಣಿಗೆ ಕಾಣದ್ದು ಹೊರಗಿನವರಿಗೆ ಕಾಣುವುದುಂಟು. ಬಳ್ಳಾರಿ ರಸ್ತೆಯಲ್ಲಿ ಇನ್ನೂ ಮುಂದಕ್ಕೆ ಹೋದರೆ ಚಿಕ್ಕಬಳ್ಳಾಪುರದ ಬಳಿ ಮುದ್ದೇನಹಳ್ಳಿ ಸಿಗುತ್ತದೆ. ಅಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಹೊರಗಿನ ಸಲಹೆಗಾರರಾಗಿಯೇ ಹೈದರಾಬಾದಿಗೆ ಹೋದವರು. 1908ರ ಸೆಪ್ಟೆಂಬರ್‌ನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತಾಗ ನಿಜಾಮರ ಸರಕಾರ ಅವರನ್ನು ಕರೆಸಿತು. ಅವರು ನಗರವನ್ನಷ್ಟೇ ನೋಡದೆ ಮೇಲೆ ಒಡೆದುಹೋಗಿದ್ದ ಕೆರೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು, ನೀರನ್ನು ಮೇಲೆಯೇ ತಡೆಯುವ ಜಲಾಶಯಗಳ ಸಲಹೆ ಕೊಟ್ಟರು. ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ ಹೀಗೆ ಬಂದವು. ಅವರು ಹೈದರಾಬಾದಿನವರಲ್ಲ ಎಂಬ ಕಾರಣಕ್ಕೆ ಕರೆಯದೆ ಇದ್ದಿದ್ದರೆ ನಷ್ಟ ಯಾರಿಗಾಗುತ್ತಿತ್ತು?

ಆದರೆ ಅಣೆಕಟ್ಟಿಗೂ ಶಾಲೆಗೂ ಒಂದು ವ್ಯತ್ಯಾಸವಿದೆ. ಅಣೆಕಟ್ಟು ಕಟ್ಟಿ ಮುಗಿದ ಮೇಲೆ ಎಂಜಿನಿಯರು ಹೊರಟುಹೋದರೂ ಅದು ನೀರು ಹಿಡಿಯುತ್ತದೆ. ಶಾಲೆಯನ್ನು ಮಾತ್ರ ಪ್ರತಿದಿನ ಬೆಳಗ್ಗೆ ಒಬ್ಬ ಶಿಕ್ಷಕಿ ಹೊಸದಾಗಿ ಕಟ್ಟಬೇಕು. ಸಲಹೆ ಎಷ್ಟೇ ಚೆನ್ನಾಗಿರಲಿ, ಅದು ಆಕೆಯದಾಗದಿದ್ದರೆ ತರಗತಿಯೊಳಗೆ ಕಾಲಿಡುವುದಿಲ್ಲ.

ಇದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಉದಾಹರಣೆಯಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಯುನಿಸೆಫ್ ನೆರವಿನಿಂದ 'ನಲಿ-ಕಲಿ' ಶುರುವಾಯಿತು. ಮೂಲ ವಿಚಾರ ಹೊರಗಿನದೇ. ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯಲ್ಲಿ, ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಕಾರ್ಡುಗಳ ನೆರವಿನಿಂದ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿಯಿತ್ತು. ಕೋಟೆಯ ಶಿಕ್ಷಕರ ಒಂದು ಗುಂಪು ಅಲ್ಲಿಗೆ ಹೋಗಿ ನೋಡಿತು. ಯಾರೋ ಬರೆದ ವರದಿಯನ್ನು ತರದೆ ತಾವು ಕಣ್ಣಾರೆ ಕಂಡದ್ದನ್ನು ತಂದರು. ನಂತರ ತಮ್ಮ ಮಕ್ಕಳಿಗೆ ಹೊಂದುವ ಕಾರ್ಡುಗಳನ್ನು, ಹಾಡುಗಳನ್ನು, ಆಟಗಳನ್ನು ತಾವೇ ಕೂತು ಮಾಡಿದರು. ಕಲಿಕಾ ಏಣಿ, ತಲೆಯ ಮೇಲೆ ಕಟ್ಟುವ ಚಪ್ಪರ, ಮಗು ತಾನೇ ಗುರುತು ಹಾಕುವ ಪ್ರಗತಿ ನೋಟ, ಇವೆಲ್ಲ ಇಂದು ಕನ್ನಡ ಶಾಲೆಗಳ ಮಾತಿನಲ್ಲಿ ಸೇರಿಹೋಗಿವೆ. ಇಲ್ಲಿ ಸಲಹೆಯೂ ಇತ್ತು, ಹೊರಗಿನ ಹಣವೂ ಇತ್ತು. ಆದರೆ "ಇದು ಯಾರದು?" ಎಂದು ಕೇಳಿದ್ದರೆ ಕೋಟೆಯ ಶಿಕ್ಷಕರು "ನಮ್ಮದು" ಎನ್ನುತ್ತಿದ್ದರು.

ಇದೇ ನಲಿ-ಕಲಿ 2009ರ ಹೊತ್ತಿಗೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಆದೇಶವಾಗಿ ಬಂತು. ಎಷ್ಟೋ ಶಾಲೆಗಳಲ್ಲಿ ಅದು ಮಕ್ಕಳ ಮುಖದಲ್ಲಿ ನಗು ತಂದಿದೆ. ಆದರೆ ಕೆಲವು ಶಿಕ್ಷಕರ ಬಾಯಲ್ಲಿ "ನಮ್ಮ ನಲಿ-ಕಲಿ" ಹೋಗಿ "ನಲಿ-ಕಲಿ ಕಿಟ್ ಬಂದಿದೆ" ಎಂಬ ಮಾತನ್ನು ನಾನೇ ಕೇಳಿದ್ದೇನೆ. ಕಾರ್ಡು ಅವೇ, ಏಣಿ ಅದೇ. ಕೋಟೆಯವರು ಮಾಡಿದ್ದ ಪ್ರಯಾಣವನ್ನು ಮಾತ್ರ ಇವರು ಮಾಡಿರಲಿಲ್ಲ. ಕಿಟ್ ಲಾರಿಯಲ್ಲಿ ಬರುತ್ತದೆ, ಪ್ರಯಾಣ ಹಾಗೆ ಬರುವುದಿಲ್ಲ.

ಇನ್ನೊಂದು ಉದಾಹರಣೆಗೆ ಯಶವಂತಪುರದ ಕಡೆಗೆ ಬರೋಣ. ಅಲ್ಲಿಗೆ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರು ರಾಜಾ ರಾಮಣ್ಣ. ಅವರು ಅಣು ವಿಜ್ಞಾನಿ. ಪ್ರಾಥಮಿಕ ಶಾಲೆಯ ಆಡಳಿತಕ್ಕೆ ಹೊರಗಿನವರು. ಎಸ್.ಎಂ. ಕೃಷ್ಣ ಅವರ ಸರಕಾರ ಅವರ ಅಧ್ಯಕ್ಷತೆಯಲ್ಲಿ ಶಿಕ್ಷಣ ಕಾರ್ಯಪಡೆ ರಚಿಸಿತು. ಅದರ ಸಲಹೆಯಂತೆ 2001ರ ಏಪ್ರಿಲ್‌ನಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸುವ ಆದೇಶ ಬಂತು. ನಾವೆಲ್ಲ ಎಸ್‌ಡಿಎಂಸಿ ಎಂದು ಕರೆಯುವ ಈ ಸಮಿತಿಯಲ್ಲಿ ಮಕ್ಕಳ ತಂದೆ-ತಾಯಿಯರಿಗೇ ಮುಖ್ಯ ಸ್ಥಾನ, ಅವರಲ್ಲಿ ಒಬ್ಬರು ಅಧ್ಯಕ್ಷರು. ಎಂಟು ವರ್ಷಗಳ ನಂತರ, 2009ರ ಶಿಕ್ಷಣ ಹಕ್ಕು ಕಾಯಿದೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಇಡೀ ದೇಶಕ್ಕೆ ಹೇಳಿತು.

ಇಲ್ಲಿ ಗಮನಿಸಬೇಕಾದ ವಿಷಯವಿದೆ. ಹೊರಗಿನಿಂದ ಬಂದ ತಜ್ಞರು ಕೊಟ್ಟ ಸಲಹೆ "ಇನ್ನಷ್ಟು ತಜ್ಞರನ್ನು ಕರೆಸಿ" ಎಂಬುದಲ್ಲ. "ಶಾಲೆಯ ಬಾಗಿಲಲ್ಲಿ ನಿಂತಿರುವ ತಾಯಿಯನ್ನು ಒಳಗೆ ಕರೆದು ಕೂರಿಸಿ" ಎಂಬುದು. ಒಳ್ಳೆಯ ಸಲಹೆಗಾರನ ಗುರುತು ಇದೇ ಇರಬಹುದು: ಅವನು ಹೋದ ಮೇಲೆ ಮಾತಾಡುವ ಬಾಯಿಗಳು ಹೆಚ್ಚಾಗಿರುತ್ತವೆ. ಈ ಸಮಿತಿಗಳು ಎಷ್ಟೋ ಕಡೆ ಸಹಿಗೆ ಮಾತ್ರ ಉಳಿದಿವೆ ಎಂಬುದು ನಿಜ. ಆದರೂ ಕೇಳುವ ಹಕ್ಕು ಕಾಗದದ ಮೇಲಾದರೂ ಇದೆ. ನಮ್ಮ ಟ್ರಸ್ಟಿನಲ್ಲಿ ಅಷ್ಟೂ ಇರಲಿಲ್ಲ. ಆ ತಾಯಿ ಪ್ರಶ್ನೆ ಕೇಳಬಹುದಿತ್ತು, ಕೈ ಎತ್ತುವಂತಿರಲಿಲ್ಲ.

ಶಾಲೆಗಳನ್ನು ಒಂದು ಮಾಡುವ ವಿಷಯದಲ್ಲೇ ದೊಡ್ಡ ಮಟ್ಟದ ಅನುಭವವೊಂದು ದೇಶದ ಮುಂದಿದೆ. 2017ರಲ್ಲಿ ನೀತಿ ಆಯೋಗ ಜಾರ್ಖಂಡ್, ಮಧ್ಯಪ್ರದೇಶ ಮತ್ತು ಒಡಿಶಾ ರಾಜ್ಯಗಳಲ್ಲಿ 'ಸಾಥ್-ಇ' ಎಂಬ ಯೋಜನೆ ಆರಂಭಿಸಿತು. ಬೋಸ್ಟನ್ ಕನ್ಸಲ್ಟಿಂಗ್ ಗ್ರೂಪ್ ಮತ್ತು ಪಿರಾಮಲ್ ಪ್ರತಿಷ್ಠಾನ ಅದರ ಪಾಲುದಾರರಾಗಿದ್ದವು. ಕಡಿಮೆ ಮಕ್ಕಳಿರುವ ಶಾಲೆಗಳನ್ನು ಒಂದು ಮಾಡುವುದು ಅದರ ಮುಖ್ಯ ಕೆಲಸಗಳಲ್ಲಿ ಒಂದು. ಜಾರ್ಖಂಡ್ ಒಂದರಲ್ಲೇ 4,000ಕ್ಕೂ ಹೆಚ್ಚು ಶಾಲೆಗಳು ಹೀಗೆ ವಿಲೀನವಾದವು. ಯೋಜನೆ 2020ರಲ್ಲಿ ಮುಗಿಯಿತು. ವಿಲೀನದ ಪರವಾಗಿರುವ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಐದು ತರಗತಿಗೆ ಒಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಮಗು ಎಷ್ಟು ಕಲಿತೀತು? ಆದರೆ ಕಾಡು, ಹಳ್ಳ, ರೈಲು ಹಳಿ, ಹೆದ್ದಾರಿಗಳು ಅಂಕಿ-ಅಂಶದ ಕೋಷ್ಟಕದಲ್ಲಿ ಕಾಣುವುದಿಲ್ಲ. ಅವು ಕಾಣುವುದು ನಡೆಯುವವರಿಗೆ. ವಿಲೀನ ಸರಿಯೋ ತಪ್ಪೋ ಎಂಬುದಕ್ಕೆ ರಾಜ್ಯಕ್ಕೆಲ್ಲ ಒಂದೇ ಉತ್ತರವಿರಲಾರದು. ಒಂದೊಂದು ದಾರಿಗೂ ಒಂದೊಂದು ಉತ್ತರ. ಆ ಉತ್ತರ ಗೊತ್ತಿರುವವರು ಹಳ್ಳಿಯಲ್ಲಿ, ಗಲ್ಲಿಯಲ್ಲಿ ಇದ್ದಾರೆ. ಅವರಿಗೆ ಯಾರೂ ಶುಲ್ಕ ಕೊಡಬೇಕಿಲ್ಲ, ಕೇಳಿದರೆ ಸಾಕು.

ಶುಲ್ಕ ಪಡೆಯದೆ ಬರುವ ಸಲಹೆಗಾರರ ಬಗ್ಗೆಯೂ ಒಂದು ಮಾತು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2002ರಲ್ಲಿ ಸರಕಾರದ ಜೊತೆ ಸೇರಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ 'ಕಲಿಕಾ ಖಾತರಿ' ಕಾರ್ಯಕ್ರಮ ನಡೆಸಿತು. ಸ್ವಇಚ್ಛೆಯಿಂದ ಮುಂದೆ ಬಂದ ಶಾಲೆಗಳ ಮಕ್ಕಳನ್ನು ಪರೀಕ್ಷಿಸಿ, ಚೆನ್ನಾಗಿ ಮಾಡಿದ ಶಾಲೆಗಳಿಗೆ ಬಹುಮಾನ ಕೊಡುವ ಯೋಜನೆ ಅದು. ಅದರಿಂದ ಮಕ್ಕಳ ಕಲಿಕೆಯ ಬಗ್ಗೆ ಮಾತು ಶುರುವಾಯಿತು. ಆದರೆ ಅಳತೆ ಮಾಡಿದ ಮಾತ್ರಕ್ಕೆ ಮಗು ಎತ್ತರವಾಗುವುದಿಲ್ಲ. ಮುಂದೆ ಆ ಪ್ರತಿಷ್ಠಾನ ಯಾದಗಿರಿಯಂಥ ಜಿಲ್ಲೆಗಳಲ್ಲಿ ಸಂಸ್ಥೆಗಳನ್ನೇ ತೆರೆದು, ತನ್ನ ಜನರನ್ನು ಅಲ್ಲಿಯೇ ಇರಿಸಿ, ವರ್ಷಗಟ್ಟಲೆ ಶಿಕ್ಷಕರ ಜೊತೆ ಕೆಲಸ ಮಾಡುವ ದಾರಿ ಹಿಡಿಯಿತು. ಬಂದು ಹೇಳಿ ಹೋಗುವುದಕ್ಕೂ ಬಂದು ಇರುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗಿದೆ. ಹಾಗೆಂದು ದಾನಿಯನ್ನು ಪ್ರಶ್ನಿಸುವುದು ಸುಲಭವಲ್ಲ. ದುಡ್ಡು ಕೊಟ್ಟು ತಂದ ಸಲಹೆ ಚೆನ್ನಾಗಿಲ್ಲದಿದ್ದರೆ ಬಿಲ್ ತಡೆಹಿಡಿಯಬಹುದು. ಪುಕ್ಕಟೆ ಬಂದ ಸಲಹೆ ತಪ್ಪಾದರೆ ಯಾರನ್ನು ಕೇಳುವುದು? ಅದಕ್ಕೇ ಉಚಿತ ಸಲಹೆಗೂ ಉತ್ತರದಾಯಿತ್ವ ಬೇಕು.

ನಮ್ಮ ಹಿರಿಯರು ಮನೆಯ ಮದುವೆಯಿಂದ ಹಿಡಿದು ಮೊಹಲ್ಲಾದ ಜಗಳದವರೆಗೆ ಎಲ್ಲದಕ್ಕೂ 'ಮಶ್ವರಾ' ಮಾಡುತ್ತಿದ್ದರು. ಸಲಹೆ ಕೇಳಲ್ಪಟ್ಟವನ ಕೈಗೆ ಒಂದು ಅಮಾನತ್ತನ್ನು ಕೊಟ್ಟಂತೆ ಎಂಬುದು ಪ್ರವಾದಿ ಮುಹಮ್ಮದ್(ಸ)ರ ಬೋಧನೆಯ ಸಾರ. ಮದೀನಾ ನಗರವನ್ನು ಶತ್ರುಗಳು ಮುತ್ತಲು ಬಂದ ಹಿಜರಿ 5ನೇ ವರ್ಷದ ಘಟನೆ ಎಲ್ಲರಿಗೂ ಗೊತ್ತಿರುವಂಥದ್ದು. ನಗರದ ಸುತ್ತ ಕಂದಕ ತೋಡುವ ಉಪಾಯ ಅರಬರಿಗೆ ಗೊತ್ತಿರಲಿಲ್ಲ. ಅದನ್ನು ಹೇಳಿದವರು ಪರ್ಶಿಯಾದಿಂದ ಬಂದ ಸಲ್ಮಾನ್ ಫಾರ್ಸಿ(ರ). ಅವರೂ ಹೊರಗಿನವರೇ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಸಲಹೆ ಕೊಟ್ಟ ಸಲ್ಮಾನರು ಹಾರೆ ಹಿಡಿದು ಅಗೆದರು. ಸಲಹೆಯನ್ನು ಒಪ್ಪಿದ ಪ್ರವಾದಿಯವರೂ ಹಸಿದ ಹೊಟ್ಟೆಯಲ್ಲಿ ಮಣ್ಣು ಹೊತ್ತರು. ಕಂದಕ ಕುಸಿದಿದ್ದರೆ ಇಬ್ಬರೂ ಒಳಗೇ ಇದ್ದರು.

ಸಲಹೆಗಾರನಿಗೂ ನಾಯಕನಿಗೂ ಇರಬೇಕಾದ ಸಂಬಂಧ ಇದು ಎಂದು ನನಗನಿಸುತ್ತದೆ. ಕೇಳುವುದರಿಂದ ಹೊಣೆ ವರ್ಗಾವಣೆಯಾಗುವುದಿಲ್ಲ. ಹೇಳುವುದರಿಂದ ಹೊಣೆ ತೀರುವುದೂ ಇಲ್ಲ. ಒಬ್ಬ ಉಪನಿರ್ದೇಶಕರೋ ಟ್ರಸ್ಟಿನ ಅಧ್ಯಕ್ಷರೋ ಹತ್ತು ಜನರಿಂದ ಸಲಹೆ ಪಡೆಯಲಿ, ಅದು ವಿವೇಕ. ಆದರೆ ನಾಳೆ ಒಂದು ಮಗು ಶಾಲೆ ಬಿಟ್ಟರೆ "ವರದಿಯಲ್ಲಿ ಹಾಗಿತ್ತು" ಎನ್ನುವ ಹಕ್ಕು ಅವರಿಗಿಲ್ಲ. ಹಾಗೆಯೇ ವರದಿ ಬರೆದವರಿಗೆ "ನಿರ್ಧಾರ ಅವರದು" ಎಂದು ಕೈ ತೊಳೆಯುವ ಹಕ್ಕಿಲ್ಲ. ಎರಡೂ ಕಡೆಯವರು ಪೂರ್ತಿ ಹೊಣೆ ಹೊರಬೇಕು. ಅರ್ಧರ್ಧ ಹಂಚಿಕೊಳ್ಳಲು ಹೋದರೆ ನಡುವೆ ಮಗು ಜಾರಿಬೀಳುತ್ತದೆ.

ಇದನ್ನು ಬರೀ ಉಪದೇಶವಾಗಿ ಬಿಡಬಾರದು. ಮಾಡಬಹುದಾದ ಸಣ್ಣ ಕೆಲಸಗಳಿವೆ. ಹೊರಗಿನವರ ಯಾವುದೇ ವರದಿಯನ್ನು ಒಪ್ಪುವ ಮೊದಲು ಅದನ್ನು ಪೋಷಕರ ಸಭೆಯಲ್ಲಿ ಅವರ ಭಾಷೆಯಲ್ಲಿ, ಕನ್ನಡವಾಗಲಿ ಉರ್ದುವಾಗಲಿ, ಓದಿ ಹೇಳಬೇಕು. ಸಲಹೆ ಕೊಟ್ಟವರ ಹೆಸರು, ಅವರಿಗೆ ಸಂದ ಹಣ, ಒಪ್ಪಿ ಸಹಿ ಹಾಕಿದವರ ಹೆಸರು ಶಾಲೆಯ ನೋಟಿಸ್ ಬೋರ್ಡಿನಲ್ಲಿರಬೇಕು. ಒಂದು ವರ್ಷದ ನಂತರ ಸಲಹೆಗಾರರು ಅದೇ ಸಭೆಗೆ ಮರಳಿ ಬಂದು ಏನಾಯಿತೆಂದು ಕೇಳಿಸಿಕೊಳ್ಳಬೇಕು, ಕೊನೆಯ ಕಂತಿನ ಹಣ ಆ ದಿನವೇ ಸಿಗಲಿ. ಮತ್ತೆ, ಅವರು ಹೋಗುವ ಮುನ್ನ ಆ ಕೆಲಸವನ್ನು ಕಚೇರಿಯ ಇಬ್ಬರು ಮೂವರಿಗೆ ಕಲಿಸಿಕೊಡಲಿ. ಮುಂದಿನ ವರ್ಷವೂ ಅದೇ ಕೆಲಸಕ್ಕೆ ಅವರನ್ನೇ ಕರೆಯಬೇಕಾಗಿ ಬಂದರೆ ಕಚೇರಿ ಏನನ್ನೂ ಕಲಿತಿಲ್ಲವೆಂದೇ ಅರ್ಥ.

ಆ ಯುವಕನ ಬಗ್ಗೆ ನನಗೆ ಸಿಟ್ಟಿಲ್ಲ. ನಮ್ಮಲ್ಲಿ ರಸ್ತೆ ದಾಟಿ ನೋಡಿದವನು ಅವನೊಬ್ಬನೇ. ಹತ್ತು ವರ್ಷ ಸಮಿತಿಯಲ್ಲಿದ್ದ ನಾನು ಶಾಲೆಗೆ ಹೋಗುತ್ತಿದ್ದದ್ದು ಕಾರಿನಲ್ಲಿ. ಮಾರ್ಚ್‌ನ ನಂತರ ಅವನು ಬೇರೆ ಊರಿನ ಬೇರೆ ಕೆಲಸಕ್ಕೆ ಹೋದ. ಟಿಪ್ಪಣಿಯ ನೆನಪಿದ್ದೂ ಕೈ ಎತ್ತಿದವನು ನಾನು.

ಆಮೇಲೆ ಒಂದು ವ್ಯಾನ್ ಗೊತ್ತುಮಾಡಿದೆವು. ಮನೆಯಲ್ಲುಳಿದ ನಾಲ್ವರಲ್ಲಿ ಇಬ್ಬರು ಮರಳಿ ಬಂದರು. ಆ ತಾಯಿಯ ಮನೆಗೆ ಹೋಗಿ ಕೇಳಿದಾಗ ಮಗಳು ಹೊಲಿಗೆ ಕಲಿಯಲು ಹೋಗುತ್ತಿದ್ದಾಳೆಂದರು. ಚಹಾ ಕೊಟ್ಟು ಉಪಚರಿಸಿದರು. ಒಂದು ಬಿರುಸು ಮಾತೂ ಆಡಲಿಲ್ಲ. ಹೊರಡುವಾಗ ಮಾತ್ರ, "ನಾನು ಅವತ್ತೇ ಹೇಳಿದ್ದೆನಲ್ಲ ಸಾಬ್" ಎಂದರು. ಆಕೆ ಹೇಳಿದ್ದರು. ನಾವು ಹಣ ಕೊಟ್ಟು ತರಿಸಿದ ಸಲಹೆಯ ಪಟ್ಟಿಯಲ್ಲಿ ಆ ಮಾತು ಇರಲಿಲ್ಲ, ಅಷ್ಟೆ.